ಹಳೆಯ ಮಾದರಿಯನ್ನು ಹಳೆಯದಾಗಿಯೇ ಉಳಿಸುವುದು

(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಿರಿಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು ಈ ಶಾಲೆಯಲ್ಲಿ 2000ದಿಂದ 2003ರವರೆಗೆ ಎಂಟು, ಒಂಬತ್ತು, ಹತ್ತನೇ ತರಗತಿ ಓದಿದವನು. ಆಮೇಲೆ ಬಿ.ಇ. ಮುಗಿಸಿ ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಸಾಧನೆಯ ಬಗ್ಗೆ ಮಾತಾಡಿ ಎಂದು ಸಮಿತಿಯವರು ಮೊದಲು ಹೇಳಿದ್ದರು. ಸಾಧನೆ ಮಾಡಿದವರು ಇಲ್ಲಿ ಬಹಳ ಜನ ಇದ್ದಾರೆ. ನಾನು ಈ ಮೇಜಿನ ಮೇಲೆ ಗಾಜಿನ ಪೆಟ್ಟಿಗೆಯಲ್ಲಿರುವ ವಸ್ತುವಿನ ಬಗ್ಗೆ ಮಾತಾಡುತ್ತೇನೆ ಎಂದು ಕೇಳಿಕೊಂಡೆ. ಅವರು ಒಪ್ಪಿದರು.

ಇದು ಸೂರ್ಯ, ಭೂಮಿ, ಚಂದ್ರರ ಮಾದರಿ. ಹಿರಿಯ ವಿದ್ಯಾರ್ಥಿಗಳಿಗೆ ನೋಡಿದ ಕೂಡಲೇ ಗುರುತು ಹತ್ತುತ್ತದೆ. ಮಕ್ಕಳು ಬಹುಶಃ ಇವತ್ತೇ ಮೊದಲು ನೋಡುತ್ತಿದ್ದೀರಿ. 1980ರ ಫೆಬ್ರವರಿ 16, ಶನಿವಾರ, ಸೂರ್ಯಗ್ರಹಣ ಆಯಿತು. ಗದಗ, ರಾಯಚೂರು ಭಾಗದಲ್ಲಿ ಅದು ಪೂರ್ಣ ಗ್ರಹಣ. ನಮ್ಮ ಕಡೆ ಖಂಡಗ್ರಾಸ. ಆ ದಿನ ಮಧ್ಯಾಹ್ನ ಊರಿನ ಬಾಗಿಲುಗಳೆಲ್ಲ ಮುಚ್ಚಿದ್ದವು, ದನಗಳನ್ನು ಸಹ ಕೊಟ್ಟಿಗೆಯಿಂದ ಬಿಟ್ಟಿರಲಿಲ್ಲ ಎಂದು ನಮ್ಮ ಅಜ್ಜಿ ಹೇಳುತ್ತಿದ್ದರು. ಅದಕ್ಕೆ ಎರಡು ತಿಂಗಳ ಮುಂಚೆಯೇ ನಮ್ಮ ಶಾಲೆಯ ಆಗಿನ ವಿಜ್ಞಾನದ ಮೇಷ್ಟ್ರು ಹತ್ತನೇ ತರಗತಿಯ ಹುಡುಗರನ್ನು ಸೇರಿಸಿಕೊಂಡು ಈ ಮಾದರಿ ಮಾಡಲು ಕೂತರು. ಗ್ರಹಣದ ಹಿಂದಿನ ವಾರ ಇದನ್ನು ಮಾರಮ್ಮನ ಗುಡಿಯ ಮುಂದಿನ ಜಗುಲಿಯ ಮೇಲೆ ಇಟ್ಟು, ಬಲ್ಬು ಹೊತ್ತಿಸಿ, ಹಿಡಿ ತಿರುಗಿಸಿ, ಚಂದ್ರನ ನೆರಳು ಭೂಮಿಯ ಮೇಲೆ ಬೀಳುವುದನ್ನು ಊರಿನವರಿಗೆ ತೋರಿಸಿದರು. ಆ ಸಂಜೆ ನೋಡಿದವರು ಇಲ್ಲಿ ಏಳೆಂಟು ಮಂದಿಯಾದರೂ ಇದ್ದೀರಿ.

ಮಾಡಿದ್ದು ಯಾವುದರಿಂದ ಎಂದು ಕೇಳಿ. ಪೀಠ ಮತ್ತು ತೋಳು ಹಲಸಿನ ಹಲಗೆ. ಸೂರ್ಯ ಎಂದರೆ ಹೋಲ್ಡರಿಗೆ ಹಾಕಿದ 40 ವ್ಯಾಟಿನ ಬಲ್ಬು. ಭೂಮಿ ಬಡಗಿಯ ಹತ್ತಿರ ಕಡೆಸಿದ ಮರದ ಚೆಂಡು, ಸುಮಾರು ಆರೂವರೆ ಸೆಂಟಿಮೀಟರ್. ಅದರ ಅಕ್ಷ ಸೈಕಲ್ಲಿನ ಸ್ಪೋಕ್ ಕಡ್ಡಿ. ಚಂದ್ರ ಬಿಳಿ ಬಣ್ಣ ಬಳಿದ ಗೋಲಿ, ಅದನ್ನು ಹಿಡಿದಿರುವುದು ಹರಿದ ಛತ್ರಿಯ ಕಡ್ಡಿ. ಹಿಡಿ ತಿರುಗಿಸಿದರೆ ತೋಳು ಸುತ್ತುತ್ತದೆ. ತೋಳಿನ ಕೆಳಗೆ ಸೈಕಲ್ ಚೈನು, ಎರಡು ತುದಿಗೆ ಎರಡು ಸೈಕಲ್ ಫ್ರೀವೀಲು. ಇಷ್ಟೇ ಸಾಮಾನು.

ಕಳೆದ ವರ್ಷ ಮಹೋತ್ಸವದ ಪೂರ್ವಭಾವಿ ಸಭೆ ನಡೆದಾಗ ಹಳೆಯ ವಿಜ್ಞಾನ ಕೊಠಡಿಯನ್ನು ಖಾಲಿ ಮಾಡುವ ಮಾತು ಬಂತು. ಬೀರುಗಳ ಮೇಲಿದ್ದ ಸಾಮಾನೆಲ್ಲ ವರಾಂಡಕ್ಕೆ ಇಳಿದಿತ್ತು. ಗುಜರಿಯವನಿಗೆ ಬರಲು ಹೇಳಿ ಆಗಿತ್ತು. ಆ ರಾಶಿಯಲ್ಲಿ ಇದೂ ಇತ್ತು. ಭೂಮಿಯ ನೀಲಿ ಬಣ್ಣ ಚಕ್ಕೆಯೇಳುತ್ತಿತ್ತು, ಚೈನು ತುಕ್ಕು ಹಿಡಿದು ಕಚ್ಚಿಕೊಂಡಿತ್ತು, ಪೀಠಕ್ಕೆ ಕುಟ್ಟೆ ಹುಳು ಬಿದ್ದು ಸಣ್ಣ ಸಣ್ಣ ತೂತಿನಿಂದ ಹಿಟ್ಟು ಉದುರುತ್ತಿತ್ತು. ಗುಜರಿಗೆ ಹಾಕಬೇಡಿ, ಸಂಗ್ರಹಾಲಯದ ಕೋಣೆ ಮಾಡಿ ಅದರಲ್ಲಿ ಇಡೋಣ ಎಂದು ನಾವು ಕೆಲವರು ಹೇಳಿದೆವು. ಸಭೆ ಒಪ್ಪಿತು. ಆದರೆ ಹೇಗೆ ಇಡುವುದು ಎಂಬ ವಿಷಯಕ್ಕೆ ಚರ್ಚೆಯಾಯಿತು.

ಒಬ್ಬ ಹಿರಿಯರು ಪ್ರೀತಿಯಿಂದಲೇ ಹೇಳಿದರು: "ಕಣಪ್ಪ, ಇದ ಚೆಂದಾಗಿ ಉಜ್ಜಿ ಹೊಸ ಪೇಂಟು ಹೊಡಸ್ಬುಡಿ. ಒಂದು ಮೋಟ್ರು ಕೂರ್ಸಿ, ತಾನೇ ತಿರುಗ್ಲಿ. ದುಡ್ಡು ನಾ ಕೊಡ್ತೀನಿ." ಇನ್ನೊಬ್ಬರು, ಮೈಸೂರಿನಲ್ಲಿ ಪ್ಲಾಸ್ಟಿಕ್ಕಿನ ರೆಡಿಮೇಡ್ ಮಾದರಿ ಸಿಗುತ್ತದೆ, ಅದನ್ನೇ ತಂದು ಈ ಜಾಗದಲ್ಲಿ ಇಡೋಣ ಎಂದರು. ಎರಡೂ ಒಳ್ಳೆಯ ಮನಸ್ಸಿನಿಂದ ಬಂದ ಮಾತು. ಆ ಎರಡನ್ನೂ ನಾವು ಯಾಕೆ ಮಾಡಲಿಲ್ಲ ಎಂದು ವಿವರಿಸುವುದೇ ನನ್ನ ಇವತ್ತಿನ ಭಾಷಣ.

ಅದಕ್ಕೆ ನಿಮ್ಮನ್ನು ಸ್ವಲ್ಪ ದೂರ ಕರೆದುಕೊಂಡು ಹೋಗಬೇಕು. ಕೆಲವು ವರ್ಷಗಳ ಹಿಂದೆ ಕಂಪನಿ ಕೆಲಸದ ಮೇಲೆ ಲಂಡನ್ನಿಗೆ ಹೋಗಿದ್ದೆ. ಹುಲಿ ನೋಡಬೇಕು ಎಂದು ಎಲ್ಲೆಲ್ಲಿಂದಲೋ ಜನ ನಮ್ಮ ಬಂಡೀಪುರಕ್ಕೆ ಬರುತ್ತಾರೆ. ನಾನು ಒಂದು ಭಾನುವಾರ ಹುಲಿ ನೋಡಲು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂಗೆ ಹೋದೆ. ಅಲ್ಲಿರುವುದು ಶ್ರೀರಂಗಪಟ್ಟಣದ ಮರದ ಹುಲಿ. ನಮ್ಮ ಸೀಮೆಯಲ್ಲಿ ಸುಮಾರು ಇನ್ನೂರಮೂವತ್ತು ವರ್ಷಗಳ ಹಿಂದೆ ತಯಾರಾದ ಯಂತ್ರದ ಮಾದರಿ. ಟಿಪ್ಪು ಸುಲ್ತಾನನ ಅರಮನೆಯಲ್ಲಿ ಇದ್ದದ್ದು.

ಹುಲಿ ಹೆಚ್ಚುಕಡಿಮೆ ನಿಜ ಗಾತ್ರದ್ದು. ಬಿದ್ದಿರುವ ಒಬ್ಬ ಯುರೋಪಿಯನ್ನಿನ ಮೇಲೆ ಎರಗಿದೆ. ಹುಲಿಯ ಪಕ್ಕೆಯಲ್ಲಿ ಒಂದು ಹಿಡಿ ಇದೆ. ತಿರುಗಿಸಿದರೆ ಒಳಗಿನ ತಿದಿ ಗಾಳಿ ಊದುತ್ತದೆ. ಮನುಷ್ಯನ ಗಂಟಲಿನ ಕೊಳವೆಯಿಂದ ನರಳುವ ಸದ್ದು, ಅವನ ಎಡಗೈ ಮೇಲೆ ಕೆಳಗೆ ಆಡುತ್ತದೆ, ಆಡಿದ ಹಾಗೆಲ್ಲ ನರಳಿಕೆಯ ಶ್ರುತಿ ಬದಲಾಗುತ್ತದೆ. ಹುಲಿಯ ತಲೆಯೊಳಗಿನ ಇನ್ನೊಂದು ಕೊಳವೆ ಗುರುಗುಟ್ಟುತ್ತದೆ. ಅಷ್ಟೇ ಅಲ್ಲ. ಹುಲಿಯ ಪಕ್ಕೆಯ ಒಂದು ಮುಚ್ಚಳ ತೆಗೆದರೆ ದಂತದ 18 ಮನೆಗಳಿರುವ ಚಿಕ್ಕ ಆರ್ಗನ್ನು, ನಮ್ಮ ಹಾರ್ಮೋನಿಯಂನ ಹತ್ತಿರದ ನೆಂಟ. ಅದರ ಹಿತ್ತಾಳೆ ಕೊಳವೆಗಳ ಲೋಹವನ್ನು ಪರೀಕ್ಷಿಸಿದವರು ಇದು ಇಲ್ಲಿಯೇ ತಯಾರಾದದ್ದು ಎಂಬ ತೀರ್ಮಾನಕ್ಕೆ ಬಂದಿದ್ದಾರೆ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಈ ಹುಲಿ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಹೋಯಿತು. 1808ರಿಂದ ಲಂಡನ್ನಿನಲ್ಲಿ ಕಂಪನಿಯ ಕಚೇರಿಯಲ್ಲಿ ಪ್ರದರ್ಶನಕ್ಕೆ ಇಟ್ಟರು. ಬಂದ ಬಂದವರೆಲ್ಲ ಹಿಡಿ ತಿರುಗಿಸುವವರೇ. ಪಕ್ಕದ ಗ್ರಂಥಾಲಯದಲ್ಲಿ ಓದುವವರಿಗೆ ಇದರ ಕಿರುಚಾಟ ತಡೆಯಲಾಗುತ್ತಿರಲಿಲ್ಲ ಎಂದು 1869ರಲ್ಲಿ ಅಲ್ಲಿನ ಒಂದು ಪತ್ರಿಕೆ ಬರೆಯಿತು. ಅಷ್ಟು ಹೊತ್ತಿಗೆ ಹಿಡಿಯೇ ಕಳೆದುಹೋಗಿತ್ತು, ಒಳಗಿನ ಕೆಲವು ಭಾಗ ಕೆಟ್ಟಿತ್ತು. 1880ರಲ್ಲಿ ಅದು ಈಗಿನ ಮ್ಯೂಸಿಯಂಗೆ ಸೇರಿತು. ಎರಡನೇ ಮಹಾಯುದ್ಧದಲ್ಲಿ ಬಾಂಬು ಬಿದ್ದು ಮೇಲಿನ ಮಾಡು ಕುಸಿದು ಹುಲಿಯ ಮರದ ಮೈ ನೂರಾರು ಚೂರಾಯಿತು. ಯುದ್ಧ ಮುಗಿದ ಮೇಲೆ ಆ ಚೂರುಗಳನ್ನೆಲ್ಲ ಒಂದೊಂದಾಗಿ ಜೋಡಿಸಿದರು. 1947ರ ಹೊತ್ತಿಗೆ ಹುಲಿ ಮತ್ತೆ ಎದ್ದು ನಿಂತಿತ್ತು.

ಇಲ್ಲಿಯವರೆಗೆ ಇದು ಸಂತೋಷದ ಕಥೆ. ಆದರೆ ಒಂದು ಕೊರತೆ ಉಳಿದುಬಿಟ್ಟಿದೆ. ಇನ್ನೂರು ವರ್ಷದಲ್ಲಿ ಹುಲಿಯ ಹೊಟ್ಟೆಯೊಳಗೆ ಹಲವು ಸಲ ರಿಪೇರಿ ನಡೆದಿದೆ. ಆರ್ಗನ್ನಿನ ಕೊಳವೆಗಳಲ್ಲಿ ಅನೇಕವನ್ನು ಬದಲಾಯಿಸಿದ್ದಾರೆ. ಹಳೆಯ ರಿಪೇರಿಗಳಲ್ಲಿ ಯಾವುದನ್ನು ತೆಗೆದರು, ತೆಗೆದದ್ದು ಯಾವ ಶ್ರುತಿಯಲ್ಲಿತ್ತು ಎಂಬುದಕ್ಕೆ ಸರಿಯಾದ ದಾಖಲೆ ಇಲ್ಲ. ಆಮೇಲೆ ಆರ್ಗನ್ ಕಟ್ಟುವ ತಜ್ಞರು ಬಂದು ಒಳಗೆಲ್ಲ ಪರಿಶೀಲಿಸಿ ಬರೆದಿದ್ದಾರೆ. ಆದರೂ ಶ್ರೀರಂಗಪಟ್ಟಣದ ಅರಮನೆಯಲ್ಲಿ ಆ ಮನೆಗಳನ್ನು ಒತ್ತಿದಾಗ ಯಾವ ಸ್ವರಸ್ಥಾನ ಕೇಳಿಸುತ್ತಿತ್ತು ಎಂದು ಈಗ ಆ ಯಂತ್ರವನ್ನು ಕೇಳಿ ತಿಳಿಯುವಂತಿಲ್ಲ. ನಮ್ಮ ಕಡೆಯ ಕುಶಲಕರ್ಮಿಯೊಬ್ಬ ತನ್ನ ಕಿವಿಗೆ ಸರಿಯೆನಿಸಿದಂತೆ ಕೂರಿಸಿದ ಶ್ರುತಿ ಅದು. ಬಾಂಬು ಮರವನ್ನು ಒಡೆಯಿತು, ಮರವನ್ನು ಕೂಡಿಸಲು ಆಯಿತು. ಬರೆದಿಡದೆ ಮಾಡಿದ ರಿಪೇರಿಯಿಂದ ಹೋದ ಶ್ರುತಿಯನ್ನು ಕೂಡಿಸಲು ಆಗಲಿಲ್ಲ.

ನಾನು ಬರೆಯುವುದು ಕಂಪ್ಯೂಟರ್ ಪ್ರೋಗ್ರಾಂ. ನಮ್ಮ ಕೆಲಸದಲ್ಲಿ ಒಂದು ಪದ್ಧತಿ ಇದೆ. ಒಂದು ಸಾಲು ಬದಲಾಯಿಸಿದರೂ ಯಾರು, ಯಾವ ದಿನ, ಯಾಕೆ ಬದಲಾಯಿಸಿದರು ಎಂಬುದು ದಾಖಲಾಗುತ್ತದೆ. ಹಳೆಯ ಸಾಲು ಅಳಿಸಿ ಹೋಗುವುದಿಲ್ಲ, ಬೇಕಾದಾಗ ಹಿಂದಕ್ಕೆ ಹೋಗಬಹುದು. ಇದು ಕಂಪ್ಯೂಟರಿನವರು ಕಂಡುಹಿಡಿದ ಜಾಣತನ ಎಂದು ನಾನು ಬಹಳ ದಿನ ತಿಳಿದಿದ್ದೆ. ಆಮೇಲೆ ನೋಡಿದರೆ ಮ್ಯೂಸಿಯಂಗಳಲ್ಲಿ ಹಳೆಯ ವಸ್ತುಗಳನ್ನು ಕಾಪಾಡುವವರ ನಿಯಮವೂ ಇದೇ. ನಾಲ್ಕು ಮಾತಿನಲ್ಲಿ ಹೇಳಬಹುದು. ಅಗತ್ಯವಿದ್ದಷ್ಟೇ ಮುಟ್ಟು. ಮಾಡಿದ್ದನ್ನು ಮುಂದೆ ಬಿಡಿಸಲು ಆಗುವಂತೆ ಮಾಡು. ಹೊಸದಾಗಿ ಸೇರಿಸಿದ್ದು ಹತ್ತಿರದಿಂದ ನೋಡಿದರೆ ಹೊಸದೆಂದು ತಿಳಿಯುವಂತಿರಲಿ. ಎಲ್ಲವನ್ನೂ ಬರೆದಿಡು.

ಇದರ ಒಳ್ಳೆಯ ಉದಾಹರಣೆ ಲಂಡನ್ನಿನಲ್ಲೇ ಇನ್ನೊಂದಿದೆ. ಹತ್ತನೇ ತರಗತಿಯ ಮಕ್ಕಳಿಗೆ ಡಿಎನ್‌ಎ ಎಂದರೆ ಗೊತ್ತು. ತಿರುಚಿದ ಏಣಿಯಂಥ ಅದರ ರಚನೆಯನ್ನು 1953ರಲ್ಲಿ ಕೇಂಬ್ರಿಡ್ಜಿನಲ್ಲಿ ವಾಟ್ಸನ್ ಮತ್ತು ಕ್ರಿಕ್ ಲೋಹದ ತಗಡು, ಸರಳುಗಳಿಂದ ಮಾದರಿ ಕಟ್ಟಿ ತೋರಿಸಿದರು. ಜಗತ್ತಿನ ಅತಿ ಪ್ರಸಿದ್ಧ ವಿಜ್ಞಾನ ಮಾದರಿ ಅದು. ಕೆಲಸ ಮುಗಿದ ಮೇಲೆ ಅದನ್ನೂ ಬಿಚ್ಚಿಹಾಕಿದರು! ಪ್ರಯೋಗಾಲಯದಲ್ಲಿ ಜಾಗ ಎಲ್ಲ ಕಡೆಯೂ ಕಡಿಮೆಯೇ. ಈಗ ಅಲ್ಲಿನ ಸೈನ್ಸ್ ಮ್ಯೂಸಿಯಂನಲ್ಲಿ ಇರುವುದು, ಉಳಿದಿದ್ದ ಕೆಲವು ಮೂಲ ತಗಡುಗಳನ್ನು ಸೇರಿಸಿಕೊಂಡು ಮತ್ತೆ ಕಟ್ಟಿದ್ದು. ಅದು ಮರುಜೋಡಣೆ, ಮೂಲದ ಕೆಲವು ತಗಡುಗಳು ಇದರಲ್ಲಿವೆ ಎಂದೇ ಅವರು ಹೇಳುತ್ತಾರೆ. ಪೂರ್ತಿ ಮೂಲ ಎಂದು ಹೇಳಿದ್ದರೆ ನೋಡುವವರಿಗೆ ಗೊತ್ತಾಗುತ್ತಿರಲಿಲ್ಲ. ಹಾಗೆ ಹೇಳಿಲ್ಲ. ಅದಕ್ಕೇ ಆ ಮಾದರಿಯ ಮೇಲೆ ನಂಬಿಕೆ.

ಈಗ ನಮ್ಮ ಮೇಜಿಗೆ ಬರೋಣ.

ನಾವು ಐದು ಜನ ಹಳೆ ವಿದ್ಯಾರ್ಥಿಗಳು, ಗುಂಡ್ಲುಪೇಟೆಯ ಒಬ್ಬ ಬಡಗಿ, ಒಬ್ಬ ಸೈಕಲ್ ಶಾಪಿನವರು, ಈ ಶಾಲೆಯ ಈಗಿನ ವಿಜ್ಞಾನದ ಮೇಡಂ, ಒಂಬತ್ತನೇ ತರಗತಿಯ ಹನ್ನೆರಡು ಮಕ್ಕಳು ಸೇರಿ ಏಳು ತಿಂಗಳು ಶನಿವಾರ ಭಾನುವಾರ ಕೆಲಸ ಮಾಡಿದೆವು. ಮೊದಲ ಎರಡು ವಾರ ಬಟ್ಟೆಯಿಂದ ಒರೆಸಲೂ ಇಲ್ಲ. ಇನ್ನೂರಕ್ಕೂ ಹೆಚ್ಚು ಫೋಟೊ ತೆಗೆದು, ಪ್ರತಿ ಭಾಗಕ್ಕೂ ದಾರದಲ್ಲಿ ಚೀಟಿ ಕಟ್ಟಿ ನಂಬರು ಕೊಟ್ಟೆವು. ಮಕ್ಕಳು ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಭಾಗದ ಚಿತ್ರ ಬರೆದು, ಅಳತೆ ಬರೆದು, ಏನು ಕೆಟ್ಟಿದೆ ಎಂದು ಬರೆದರು.

ಮೊದಲು ಹುಳುವಿನ ಸಮಸ್ಯೆ. ಔಷಧಿ ಹೊಡೆದರೆ ಬಣ್ಣ ಕದಡುತ್ತದೆ. ಮ್ಯೂಸಿಯಂಗಳಲ್ಲಿ ಮಾಡುವಂತೆ ಪೀಠವನ್ನು ಪ್ಲಾಸ್ಟಿಕ್ಕಿನಲ್ಲಿ ಗಾಳಿಯಾಡದಂತೆ ಸುತ್ತಿ ಡೀಪ್ ಫ್ರೀಜರಿನಲ್ಲಿ ಮೈನಸ್ 20 ಡಿಗ್ರಿಯಲ್ಲಿ ಎರಡು ವಾರ ಇಟ್ಟೆವು. ಫ್ರೀಜರು ಗುಂಡ್ಲುಪೇಟೆಯ ಒಂದು ಐಸ್‌ಕ್ರೀಂ ಅಂಗಡಿಯದು. ಹೊರಗೆ ತೆಗೆದ ಮೇಲೂ ಒಂದು ದಿನ ಪ್ಲಾಸ್ಟಿಕ್ ಬಿಚ್ಚಬಾರದು. ಇಲ್ಲವಾದರೆ ತಣ್ಣಗಿರುವ ಮರದ ಮೇಲೆ ನೀರು ಕೂರುತ್ತದೆ. ಹುಳು ಮೊಟ್ಟೆ ಸಮೇತ ಸತ್ತಿತು.

ಎದ್ದುಬರುತ್ತಿದ್ದ ಬಣ್ಣದ ಚಕ್ಕೆಗಳನ್ನು ಪ್ಯಾರಾಲಾಯ್ಡ್ ಬಿ-72 ಎಂಬ ಅಂಟಿನಿಂದ, ಸಣ್ಣ ಕುಂಚದಲ್ಲಿ ಒಂದೊಂದಾಗಿ ಕೂರಿಸಿದೆವು. ಇದು ಅಸಿಟೋನಿನಲ್ಲಿ ಕರಗುತ್ತದೆ. ನಾಳೆ ಇನ್ನೂ ಒಳ್ಳೆಯ ವಿಧಾನ ಬಂದರೆ ಬಿಡಿಸಬಹುದು. ಪೀಠದ ಬಿಟ್ಟ ಸಂದನ್ನು ಬಡಗಿಯವರು ಹಳೆಯ ಕಾಲದ ಸರೇಸಿನಿಂದಲೇ ಕೂಡಿಸಿದರು. ಸರೇಸು ಬಿಸಿನೀರಿನ ಕಾವಿಗೆ ಬಿಟ್ಟುಕೊಳ್ಳುತ್ತದೆ. ಈಗಿನ ಅಂಟು ಹಾಕಿದರೆ ಮರ ಮುರಿದರೂ ಅಂಟು ಬಿಡುವುದಿಲ್ಲ. ಚೈನನ್ನು ಬಿಚ್ಚಿ ಸೀಮೆಎಣ್ಣೆಯಲ್ಲಿ ನೆನೆಸಿ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿದೆವು.

ಹೊಸ ಪೇಂಟು ಯಾಕೆ ಹೊಡೆಯಲಿಲ್ಲ? ಭೂಮಿಯ ಮೇಲಿನ ದೂಳನ್ನು ಒದ್ದೆ ಹತ್ತಿಯ ಕಡ್ಡಿಯಿಂದ ತೆಗೆಯುತ್ತಾ ಬಂದ ಹಾಗೆ ಮಕ್ಕಳಿಗೆ ಒಂದು ವಿಷಯ ಕಾಣಿಸಿತು. ಕೈಯಲ್ಲಿ ಬರೆದ ಆ ಭೂಪಟದಲ್ಲಿ ಭಾರತ ಇರಬೇಕಾದದ್ದಕ್ಕಿಂತ ಸ್ವಲ್ಪ ದೊಡ್ಡದಾಗಿಯೇ ಇದೆ. ಅದರ ದಕ್ಷಿಣದ ತುದಿಯ ಹತ್ತಿರ ಸೂಜಿಮೊನೆಯಷ್ಟು ಕೆಂಪು ಚುಕ್ಕೆ. ಅದು ನಮ್ಮೂರು. 1980ರಲ್ಲಿ ಯಾವನೋ ಹುಡುಗ ಇಟ್ಟ ಚುಕ್ಕೆ. ಒಂದು ಕೋಟು ಎನಾಮಲ್ ಪೇಂಟು ಹೊಡೆದಿದ್ದರೆ ಅದು ಅಡಿಗೆ ಹೋಗುತ್ತಿತ್ತು. ಹಾಗೆಯೇ ಪೀಠದ ತಳದಲ್ಲಿ ಪೆನ್ಸಿಲಿನಲ್ಲಿ "16-2-80" ಎಂಬ ತಾರೀಖು, ಅದರ ಪಕ್ಕದಲ್ಲಿ "18–18" ಎಂಬ ಎರಡು ಅಂಕಿ ಸಿಕ್ಕವು. ಈ ಎರಡನೆಯದು ಏನೆಂದು ನಮಗೆ ಒಂದು ತಿಂಗಳು ಅರ್ಥವಾಗಲಿಲ್ಲ.

ಚೈನು ಜೋಡಿಸಿ ಹಿಡಿ ತಿರುಗಿಸಿದಾಗ ಗೊತ್ತಾಯಿತು. ಮಕ್ಕಳೇ, ಋತುಗಳು ಯಾಕೆ ಆಗುತ್ತವೆ? ಭೂಮಿಯ ಅಕ್ಷ ಇಪ್ಪತ್ತಮೂರೂವರೆ ಡಿಗ್ರಿ ಓರೆಯಾಗಿದೆ, ಮತ್ತು ಸೂರ್ಯನ ಸುತ್ತ ಎಲ್ಲಿಯೇ ಇದ್ದರೂ ಆ ಅಕ್ಷ ಒಂದೇ ದಿಕ್ಕಿಗೆ, ಧ್ರುವ ನಕ್ಷತ್ರದ ಕಡೆಗೆ, ತೋರಿಸುತ್ತಿರುತ್ತದೆ. ಅದಕ್ಕೇ ಜೂನಿನಲ್ಲಿ ಉತ್ತರ ಧ್ರುವ ಸೂರ್ಯನ ಕಡೆಗೆ, ಡಿಸೆಂಬರಿನಲ್ಲಿ ಆಚೆಗೆ. ಆದರೆ ನಮ್ಮ ಮಾದರಿಯಲ್ಲಿ ತೋಳು ಒಂದು ಸುತ್ತು ಬಂದರೆ ಅಕ್ಷದ ದಿಕ್ಕು 45 ಡಿಗ್ರಿ ಜಾರುತ್ತಿತ್ತು. ನಾಲ್ಕು ಸುತ್ತು ಬಂದರೆ ಜೂನಿನ ಜಾಗದಲ್ಲಿ ಚಳಿಗಾಲ!

ಹಲ್ಲು ಎಣಿಸಿದೆವು. ನಡುವಿನ ಫ್ರೀವೀಲಿಗೆ 18 ಹಲ್ಲು. ಭೂಮಿಯ ಕೆಳಗಿನದಕ್ಕೆ 16. ಆಗ ಪೆನ್ಸಿಲ್ ಬರಹ ಅರ್ಥವಾಯಿತು. ಮೇಷ್ಟ್ರು ಎರಡೂ ಕಡೆ 18 ಹಲ್ಲಿನವನ್ನೇ ಹಾಕಿದ್ದರು. ನಡುವಿನದು ಪೀಠಕ್ಕೆ ಕಚ್ಚಿ ಅಲುಗಾಡದೆ ನಿಂತಿರುತ್ತದೆ, ತೋಳು ಮಾತ್ರ ಸುತ್ತುತ್ತದೆ. ಎರಡು ಚಕ್ರಗಳ ಹಲ್ಲು ಸಮ ಇದ್ದರೆ, ತೋಳು ಎಷ್ಟು ಮುಂದಕ್ಕೆ ತಿರುಗುತ್ತದೋ ಚೈನು ಭೂಮಿಯನ್ನು ಅಷ್ಟೇ ಹಿಂದಕ್ಕೆ ತಿರುಗಿಸುತ್ತದೆ. ಹೀಗಾಗಿ ಭೂಮಿಯ ಮುಖ ಒಂದೇ ದಿಕ್ಕಿಗೆ ನಿಲ್ಲುತ್ತದೆ. ಫ್ರೀವೀಲು ಒಂದು ಕಡೆಗೆ ಸುಮ್ಮನೆ ತಿರುಗಿಬಿಡುತ್ತದಲ್ಲ, ಅದು ತಿರುಗದಂತೆ ಒಳಗೆ ಬೆಸುಗೆಯನ್ನೂ ಹಾಕಿಸಿದ್ದಾರೆ. ಯಾವುದೋ ಕಾಲದಲ್ಲಿ ಭೂಮಿಯ ಕೆಳಗಿನ ಚಕ್ರ ಹಾಳಾಗಿ, ಯಾರೋ ಒಳ್ಳೆಯವರು ಕೈಗೆ ಸಿಕ್ಕ 16 ಹಲ್ಲಿನದನ್ನು ಹಾಕಿದ್ದಾರೆ. ಚೈನು ಸಡಿಲವಾಗಿದೆ. ಬಿಗಿ ಮಾಡಲು ತೋಳಿನ ತೂತನ್ನು ಅರ್ಧ ಸೆಂಟಿಮೀಟರಿನಷ್ಟು ಆಚೆಗೆ ಉದ್ದ ಮಾಡಿದ್ದಾರೆ. ಅರದ ಗುರುತು ಈಗಲೂ ಇದೆ. ಮಾದರಿ ಮತ್ತೆ ತಿರುಗಿತು, ನೋಡುವವರಿಗೆ ಸರಿಯಾಗಿಯೇ ಕಂಡಿತು, ಆದರೆ ಅದು ಹೇಳುವ ಪಾಠ ತಪ್ಪಾಯಿತು. ಶ್ರೀರಂಗಪಟ್ಟಣದ ಹುಲಿಯ ಕೊಳವೆಗೂ ನಮ್ಮ ಮಾದರಿಯ ಚಕ್ರಕ್ಕೂ ಆದದ್ದು ಒಂದೇ. ನಮ್ಮ ಪುಣ್ಯಕ್ಕೆ ಮೇಷ್ಟ್ರು ಎರಡು ಅಂಕಿ ಬರೆದಿಟ್ಟಿದ್ದರು.

ಇನ್ನೊಂದು ವಿಷಯ. ಭೂಮಿಯ ಚೆಂಡಿಗೂ ಚಂದ್ರನ ಗೋಲಿಗೂ ಇರುವ ಅನುಪಾತ ಅಳೆದೆವು. ಗೋಲಿ ಭೂಮಿಯ ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು. ನಿಜವಾದ ಚಂದ್ರನೂ ಅಷ್ಟೇ. ಮೇಷ್ಟ್ರು ಗೋಲಿಯನ್ನು ಆರಿಸಿದ್ದು ಲೆಕ್ಕ ಹಾಕಿಯೇ. ಅಕ್ಷದ ಓರೆಯೂ ಕೋನಮಾಪಕಕ್ಕೆ ಸರಿಯಾಗಿ ಕೂತಿತು. ಪ್ಲಾಸ್ಟಿಕ್ಕಿನ ಮಾದರಿ ತಂದಿದ್ದರೆ ನಮ್ಮ ಶಾಲೆಯಲ್ಲಿ ಇಂಥ ಲೆಕ್ಕ ನಡೆದಿತ್ತು ಎಂಬ ಸಾಕ್ಷಿಯೇ ಗುಜರಿಗೆ ಹೋಗುತ್ತಿತ್ತು.

ಸೈಕಲ್ ಶಾಪಿನವರು ಹಳೆಯ ಸಾಮಾನಿನ ಡಬ್ಬಿಯಲ್ಲಿ ಹುಡುಕಿ 18 ಹಲ್ಲಿನ ಫ್ರೀವೀಲು ಕೊಟ್ಟರು. ಅದರ ಒಳಮೈಯಲ್ಲಿ "2024" ಎಂದು ಕೊರೆಸಿದ್ದೇವೆ. 16 ಹಲ್ಲಿನದನ್ನು ಎಸೆದಿಲ್ಲ. ಅದೂ ಇದರ ಚರಿತ್ರೆಯೇ. ಚೀಟಿ ಬರೆದು ಪೆಟ್ಟಿಗೆಯ ಕೆಳಗಿನ ಡ್ರಾಯರಿನಲ್ಲಿ ಇಟ್ಟಿದ್ದೇವೆ. ಹಳೆಯ ವೈರು ಅಪಾಯಕಾರಿಯಾಗಿತ್ತು, ಬದಲಾಯಿಸಿದ್ದೇವೆ. ಬಲ್ಬಿನ ಬಿಸಿ ಬಣ್ಣಕ್ಕೆ ಆಗದು ಎಂದು ಅದೇ ಹೋಲ್ಡರಿಗೆ ಸಣ್ಣ ಎಲ್‌ಇಡಿ ಹಾಕಿದ್ದೇವೆ. ಹಳೆಯ ಬಲ್ಬೂ ವೈರೂ ಡ್ರಾಯರಿನಲ್ಲಿವೆ.

ಪೆಟ್ಟಿಗೆಯ ಮೇಲೆ ಅಂಟಿಸಿರುವ ಬರಹವನ್ನು ಮಕ್ಕಳೇ ಬರೆದಿದ್ದಾರೆ. ಯಾವುದು 1980ರದು, ಯಾವುದು ಆಮೇಲಿನದು, ಯಾವುದು ನಮ್ಮದು ಎಂದು ಅದರಲ್ಲಿದೆ. ಮಾದರಿ ಏನನ್ನು ತೋರಿಸಲಾರದು ಎಂದೂ ಇದೆ. ಭೂಮಿ ಈ ಚೆಂಡಿನಷ್ಟಿದ್ದರೆ ಸೂರ್ಯ 7 ಮೀಟರ್ ಅಗಲ ಇರಬೇಕು, ಎಂದರೆ ಈ ಶಾಲೆಯ ಒಂದು ಕೊಠಡಿಯಷ್ಟು. ಚಂದ್ರ ಎರಡು ಮೀಟರ್ ದೂರ ಇರಬೇಕು. ಸೂರ್ಯ ಸುಮಾರು 760 ಮೀಟರ್ ದೂರ, ಊರಾಚೆ ಅರಿಶಿನದ ಹೊಲಗಳಲ್ಲಿ ಎಲ್ಲೋ ಇರಬೇಕು. ಮೇಜಿನ ಮೇಲೆ ಅದು ಹಿಡಿಯುವುದಿಲ್ಲ. ಮೇಷ್ಟ್ರಿಗೂ ಅದು ಗೊತ್ತಿತ್ತು.

ಮೋಟಾರು ಹಾಕಿಸುವ ಮಾತಿಗೆ ಉತ್ತರ ಪಕ್ಕದ ಮೇಜಿನ ಮೇಲಿದೆ. ಬೆಂಗಳೂರಿನ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ 1962ರಲ್ಲಿ ಆರಂಭವಾದದ್ದು. ಅಲ್ಲಿ ರೈಟ್ ಸಹೋದರರ ವಿಮಾನ ನಿಜ ಗಾತ್ರದಲ್ಲಿದೆ. ಅದು ಪ್ರತಿಕೃತಿ, ಪ್ರತಿಕೃತಿ ಎಂದೇ ಇಟ್ಟಿದ್ದಾರೆ. ಅದರಿಂದ ಕಲಿಯುವ ಮಕ್ಕಳಿಗೆ ಏನೂ ಕಡಿಮೆಯಾಗಿಲ್ಲ. ನಮ್ಮ ಒಂಬತ್ತನೇ ತರಗತಿಯವರೂ ನೋಟ್‌ಬುಕ್ಕಿನ ಅಳತೆ ನೋಡಿಕೊಂಡು ಎರಡನೇ ಮಾದರಿ ಮಾಡಿದ್ದಾರೆ. ಅದಕ್ಕೆ ಬೇಕಾದರೆ ಮೋಟಾರು ಹಾಕಿ, ಬಣ್ಣ ಬಳಿಯಿರಿ, ದಿನಾ ನೂರು ಸಲ ತಿರುಗಿಸಿ. ಮುರಿದರೆ ಇನ್ನೊಂದು ಮಾಡೋಣ. ಹಳೆಯದನ್ನು ವರ್ಷಕ್ಕೆ ಒಂದೇ ಸಲ, ಫೆಬ್ರವರಿ 28ರ ರಾಷ್ಟ್ರೀಯ ವಿಜ್ಞಾನ ದಿನದಂದು, ಎಲ್ಲರ ಎದುರಿಗೆ ತಿರುಗಿಸುವುದೆಂದು ತೀರ್ಮಾನಿಸಿದ್ದೇವೆ.

ಸಂಗ್ರಹಾಲಯದ ವಿಷಯ ಬಂದದ್ದರಿಂದ ಊರಿನವರಿಗೆ ಒಂದು ಮಾತು. ಕೋಣೆ ಮಾಡುತ್ತೇವೆಂದು ಸುದ್ದಿಯಾದ ಮೇಲೆ, ಅಟ್ಟದಲ್ಲಿರುವ ಜಿಂಕೆ ತಲೆ, ಕೊಂಬು ಕೊಡುತ್ತೇವೆ ಎಂದು ಕೆಲವರು ಕೇಳಿದರು. ದಯವಿಟ್ಟು ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅವನ್ನು ಒಡೆತನದ ಪ್ರಮಾಣಪತ್ರ ಇಲ್ಲದೆ ಇಟ್ಟುಕೊಳ್ಳುವಂತಿಲ್ಲ, ಕೊಡುವಂತೆಯೂ ಇಲ್ಲ. ಅರಣ್ಯ ಇಲಾಖೆಯವರನ್ನು ಕೇಳಿ. ಜೊತೆಗೆ ಆರೋಗ್ಯದ ಪ್ರಶ್ನೆಯೂ ಇದೆ. ಮೈಸೂರಿನ ವ್ಯಾನ್ ಇಂಗೆನ್ ಸಂಸ್ಥೆ 1900ರ ಸುಮಾರಿನಿಂದ 1999ರವರೆಗೆ ಸಾವಿರಾರು ಹುಲಿ, ಚಿರತೆಗಳ ಚರ್ಮವನ್ನು ಅಚ್ಚಿನ ಮೈಗೆ ಹೊದಿಸಿ ಜೀವಂತ ಕಾಣುವಂತೆ ಮಾಡಿಕೊಟ್ಟು ಜಗತ್ಪ್ರಸಿದ್ಧವಾಗಿತ್ತು. ಆ ಕಾಲದಲ್ಲಿ ಚರ್ಮಕ್ಕೆ ಹುಳು ಹಿಡಿಯದಂತೆ ಪಾಷಾಣ, ಎಂದರೆ ಆರ್ಸೆನಿಕ್ ಹಚ್ಚುವುದು ಪ್ರಪಂಚದಲ್ಲೆಲ್ಲ ವಾಡಿಕೆಯಲ್ಲಿತ್ತು. ಅಂಥ ಹಳೆಯ ವಸ್ತುಗಳ ದೂಳಿನಲ್ಲಿ ಅದು ಈಗಲೂ ಇರಬಹುದು. ಮಕ್ಕಳ ಕೈಗೆ ಕೊಟ್ಟು ಒರೆಸಿ ಎನ್ನಬೇಡಿ.

ಕೊನೆಯದಾಗಿ ಮುಖ್ಯೋಪಾಧ್ಯಾಯರಲ್ಲಿ ಮತ್ತು ಸಮಿತಿಯವರಲ್ಲಿ ಮೂರು ಬೇಡಿಕೆ.

ಮೊದಲನೆಯದು, ಈ ಮಾದರಿ ಗುಜರಿಯ ರಾಶಿಗೆ ಹೇಗೆ ಹೋಯಿತು ಎಂದು ವಿಚಾರಿಸಿದೆವು. ಯಾರ ತಪ್ಪೂ ಇಲ್ಲ. ಇದು ದಾಸ್ತಾನು ವಹಿಯಲ್ಲಿಯೇ ಇಲ್ಲ. ಕೊಂಡ ವಸ್ತುಗಳು ವಹಿಗೆ ಬರುತ್ತವೆ. ಬಿಲ್ಲಿರುವ ಬೀಕರು, ಲೆನ್ಸು, ಕುರ್ಚಿ ಎಲ್ಲ ಅದರಲ್ಲಿವೆ. ಇದನ್ನು ಕೊಂಡದ್ದಲ್ಲ, ನಮ್ಮವರೇ ಮಾಡಿದ್ದು, ಬಿಲ್ಲಿಲ್ಲ, ಆದ್ದರಿಂದ ಕಾಗದದ ಮೇಲೆ ಇದು ಇಲ್ಲವೇ ಇಲ್ಲ. ಮೇಷ್ಟ್ರು ವರ್ಗವಾಗಿ ಹೋದ ಮೇಲೆ ಇದನ್ನು ಕೇಳುವವರಿರಲಿಲ್ಲ. ಇವತ್ತೇ ಇದನ್ನು ವಹಿಗೆ ಸೇರಿಸಬೇಕೆಂದು ಕೇಳಿಕೊಳ್ಳುತ್ತೇನೆ. ಬೆಲೆಯ ಕಾಲಂನಲ್ಲಿ ಏನು ಬರೆಯುವುದು ಎಂದು ಗುಮಾಸ್ತರು ಕೇಳಿದರೆ, ಶಾಲೆಯಲ್ಲೇ ತಯಾರಿಸಿದ್ದು ಎಂದು ಬರೆದರೆ ಸಾಕು.

ಎರಡನೆಯದು, ಮಕ್ಕಳ ನೋಟ್‌ಬುಕ್ಕು ಮಾದರಿಯ ಜೊತೆಯಲ್ಲೇ ಇರಬೇಕು. ಅದರಲ್ಲಿ ಇನ್ನೂ ಬಹಳ ಖಾಲಿ ಹಾಳೆಗಳಿವೆ. ಮುಂದೆ ಯಾರೇ ಇದನ್ನು ಮುಟ್ಟಿದರೂ, ಒಂದು ಸ್ಕ್ರೂ ಬದಲಾಯಿಸಿದರೂ, ತಾರೀಖು ಹಾಕಿ ಬರೆಯಲಿ. ಇದರ ಸ್ಕ್ಯಾನ್ ಪ್ರತಿ ಮತ್ತು ಫೋಟೊಗಳನ್ನು ಪೆನ್‌ಡ್ರೈವಿನಲ್ಲಿ ಕೊಟ್ಟಿದ್ದೇನೆ. ಆದರೆ ಪೆನ್‌ಡ್ರೈವನ್ನು ನಂಬಬೇಡಿ. ನನ್ನ ಕಸುಬಿನವನೇ ಹೇಳುತ್ತಿದ್ದೇನೆ, 1980ರ ಪೆನ್ಸಿಲ್ ಬರಹವನ್ನು ನಾವು ಓದಿದೆವು, 2003ರಲ್ಲಿ ನಾನು ಬಳಸಿದ ಫ್ಲಾಪಿಗಳನ್ನು ಓದುವ ಯಂತ್ರ ಇವತ್ತು ಈ ಊರಿನಲ್ಲಿಲ್ಲ.

ಮೂರನೆಯದು, ಹಳೆಯ ವಿಜ್ಞಾನ ಕೊಠಡಿ. ಹೊಸ ಕಟ್ಟಡ ಬರಲಿ, ಬೇಕೇ ಬೇಕು. ಆದರೆ ಆ ಕೊಠಡಿಯ ಬೀರುಗಳಲ್ಲಿ ಇನ್ನೂ ಹದಿನಾಲ್ಕು ವಸ್ತುಗಳಿಗೆ ಮಕ್ಕಳು ಚೀಟಿ ಕಟ್ಟಿದ್ದಾರೆ. ತೆಂಗಿನ ಚಿಪ್ಪಿನ ಕಣ್ಣಿನ ಮಾದರಿ ಇದೆ, ಗಾಜಿನ ನಳಿಗೆಯ ವಾಯುಭಾರಮಾಪಕ ಇದೆ. ಅದರಲ್ಲಿರುವುದು ಪಾದರಸ, ದಯವಿಟ್ಟು ಅದನ್ನು ತಿಳಿದವರೇ ಎತ್ತಲಿ. ಕೊಠಡಿ ಕೆಡವುವ ಮುಂಚೆ ಇವಕ್ಕೆ ಒಂದು ಜಾಗ ಗೊತ್ತುಮಾಡಿ. ಕಿಟಕಿಯ ಬಿಸಿಲು ಬೀಳದ, ಮಳೆಗಾಲದಲ್ಲಿ ಗೋಡೆ ಬೆವರದ ಒಂದು ಮೂಲೆ ಸಾಕು. ಅದಕ್ಕೆ ಬೇಕಾದ ಮೂರು ಗಾಜಿನ ಬೀರುಗಳನ್ನು 2003ರ ತಂಡದವರು ಕೊಡುತ್ತೇವೆ.

ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದಿರಿ. ಊಟಕ್ಕೆ ಹೊತ್ತಾಯಿತು ಎಂದು ಅಡುಗೆಯವರು ಆಗಲೇ ಎರಡು ಸಲ ಸನ್ನೆ ಮಾಡಿದ್ದಾರೆ. ಊಟ ಮುಗಿಸಿ ಬಂದವರು ಈ ಮೇಜಿನ ಹತ್ತಿರ ಬನ್ನಿ. ಒಂಬತ್ತನೇ ತರಗತಿಯ ಮಕ್ಕಳು ಹೊಸ ಮಾದರಿಯನ್ನು ತಿರುಗಿಸಿ ತೋರಿಸುತ್ತಾರೆ, ನಿಮ್ಮ ಪ್ರಶ್ನೆಗಳಿಗೆ ಉತ್ತರವನ್ನೂ ಅವರೇ ಹೇಳುತ್ತಾರೆ. ಹಳೆಯದರ ಬಗ್ಗೆ ನಿಮಗೆ ನೆನಪಿರುವುದನ್ನು, ಹಲಗೆ ಯಾರ ಮನೆಯದು, ಬಣ್ಣ ಬಳಿದವರು ಯಾರು, ಆ ಕೆಂಪು ಚುಕ್ಕೆ ಇಟ್ಟವರು ಯಾರು ಎಂಬುದನ್ನು ನೋಟ್‌ಬುಕ್ಕಿನಲ್ಲಿ ಬರೆದು ಹೋಗಿ. ಬರೆಯಲು ಬಾರದವರು ಹೇಳಿ, ಮಕ್ಕಳು ಬರೆದುಕೊಳ್ಳುತ್ತಾರೆ.